ಲಾರಿ ಚಾಲಕನ ಸೊಂಟ ಯಾರ ಲೆಕ್ಕಕ್ಕೆ?

ರಾಯದುರ್ಗದ ಕಡೆಯ ಲಾರಿ ಚಾಲಕ ‘ನಡ ಹಿಡದೈತಿ’ ಅನ್ನುತ್ತಾನೆ. ಮಡಕಶಿರಾ ಕಡೆಯವನು ‘ಸೊಂಟ ಹಿಡ್ಕಂಡೈತೆ’ ಅನ್ನುತ್ತಾನೆ. ಅನಂತಪುರದ ಆಸ್ಪತ್ರೆಯಲ್ಲಿ ಚೀಟಿ ಬರೆಸುವಾಗ ಇಬ್ಬರೂ ತೆಲುಗಿಗೆ ಹೊರಳಿ ‘ನಡುಮು ನೊಪ್ಪಿ’ ಅನ್ನುತ್ತಾರೆ. ಮಾತು ಮೂರು ಬಗೆ, ನೋವಿನ ಜಾಗ ಒಂದೇ.

ಟ್ರಿಪ್ ಮುಗಿದ ಮೇಲೆ ಓನರ್ ಮುಂದೆ ಲೆಕ್ಕ ಒಪ್ಪಿಸುವುದು ಈ ಕಸುಬಿನ ವಾಡಿಕೆ. ಡೀಸೆಲ್ ಇಷ್ಟು, ಟೋಲ್ ಇಷ್ಟು, ಹಮಾಲಿ ಇಷ್ಟು, ಪಂಕ್ಚರ್ ಇಷ್ಟು, ದಾರಿಯ ಮಾಮೂಲು ಇಷ್ಟು, ಬತ್ತಾ ಇಷ್ಟು. ಸವೆದ ಟೈರಿಗೂ ಆ ಚೀಟಿಯಲ್ಲಿ ಒಂದು ಸಾಲಿರುತ್ತದೆ. ಸವೆದ ಸೊಂಟಕ್ಕೆ ಇರುವುದಿಲ್ಲ.

ಈ ಸೊಂಟ ಯಾರ ಲೆಕ್ಕಕ್ಕೆ ಸೇರಬೇಕು ಎಂದು ಕೇಳುವ ಮೊದಲು ಇನ್ನೊಂದು ಪ್ರಶ್ನೆಗೆ ಉತ್ತರ ಬೇಕು. ಅದನ್ನು ಸವೆಸಿದ್ದು ಯಾವುದು? ಸೀಟೇ, ರಸ್ತೆಯೇ, ಕೂತಲ್ಲೇ ಕೂರುವ ಬದುಕೇ, ಗಂಟೆಗಳೇ, ಅಥವಾ ಹುಟ್ಟಿನಿಂದ ಬಂದ ಮೂಳೆಯ ಗುಣವೇ? ಎಪ್ಪತ್ತು ವರ್ಷಗಳಿಂದ ವೈದ್ಯರು, ಎಂಜಿನಿಯರುಗಳು, ಅರ್ಥಶಾಸ್ತ್ರಜ್ಞರು ಇದಕ್ಕೆ ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ. ಆ ಉತ್ತರಗಳನ್ನು ಗಡಿನಾಡಿನ ಎರಡು ಊರುಗಳ ನೆಲದ ಮೇಲೆ ಹರಡಿ ನೋಡುವುದು ಈ ಲೇಖನದ ಉದ್ದೇಶ.

ಎರಡು ಊರು, ಒಂದೇ ಕಸುಬು

ರಾಯದುರ್ಗ 1953ರ ತನಕ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. ಆ ವರ್ಷದ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರುಗಳ ಜೊತೆ ಅದೂ ಆಚೆಗೆ ಹೋಗಿ ಅನಂತಪುರ ಜಿಲ್ಲೆಗೆ ಸೇರಿತು. ಮಡಕಶಿರಾಕ್ಕೆ ಮೂರು ದಿಕ್ಕಿನಲ್ಲಿ ಕರ್ನಾಟಕ: ಸಿರಾ, ಮಧುಗಿರಿ, ಪಾವಗಡ. ಬಹುಕಾಲ ಅನಂತಪುರ ಜಿಲ್ಲೆಯಲ್ಲಿದ್ದ ಅದು 2022ರ ಏಪ್ರಿಲ್‌ನಲ್ಲಿ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಾಯಿತು. ಜಿಲ್ಲೆ ಬದಲಾದರೂ ಅಗಳಿ, ರೊಳ್ಳ, ಅಮರಾಪುರ, ಗುಡಿಬಂಡೆಯ ಮನೆಮಾತು ಕನ್ನಡವೇ.

ದೇಶದ ಅತಿ ಕಡಿಮೆ ಮಳೆಯ ಸೀಮೆಗಳಲ್ಲಿ ಇದೂ ಒಂದು. ಶೇಂಗಾ ಕೈಕೊಟ್ಟ ವರ್ಷ ಹೊಲದಿಂದ ಎದ್ದ ಗಂಡಾಳಿಗೆ ಹತ್ತಿರದ ದಾರಿ ಎಂದರೆ ಕ್ಲೀನರ್ ಆಗಿ ಲಾರಿ ಹತ್ತುವುದು, ನಾಲ್ಕಾರು ವರ್ಷಕ್ಕೆ ಸ್ಟೇರಿಂಗ್ ಹಿಡಿಯುವುದು. ಸಾಗಿಸಲು ಸರಕಿಗೆ ಬರವಿಲ್ಲ. ರಾಯದುರ್ಗದಲ್ಲಿ ಹೊಲಿದ ಜೀನ್ಸ್, ಮಡಕಶಿರಾದ ಕರಿಕಲ್ಲು, ಅಮರಾಪುರ ಕಡೆಯ ಅಡಿಕೆ, ಹಿಂದೂಪುರ ಮಾರುಕಟ್ಟೆಯ ಹುಣಸೆಹಣ್ಣು ಎಲ್ಲವೂ ಲಾರಿ ಏರಿಯೇ ಹೋಗಬೇಕು. ಈ ಎರಡು ಊರುಗಳನ್ನು ಒಂದೇ ಹಳಿಗೆ ಪೋಣಿಸಬೇಕಾದ ತುಮಕೂರು–ರಾಯದುರ್ಗ ರೈಲು ಮಾರ್ಗ ಸುಮಾರು 207 ಕಿಲೋಮೀಟರ್ ಉದ್ದದ್ದು. ಮಧುಗಿರಿ, ಮಡಕಶಿರಾ, ಪಾವಗಡ, ಕಲ್ಯಾಣದುರ್ಗ ಹಾದು ಹೋಗಬೇಕಾದ ಅದರ ಕೆಲಸ ವರ್ಷಗಟ್ಟಲೆ ಎಳೆಯುತ್ತಲೇ ಬಂದಿದೆ. ಹಳಿ ತಡವಾದಷ್ಟೂ ಭಾರ ಟೈರಿನ ಮೇಲೆ.

ಎಲ್ಲಕ್ಕಿಂತ ದೊಡ್ಡ ಭಾರ ಬಂದದ್ದು ಅದಿರಿನ ಕಾಲದಲ್ಲಿ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ಚೀನಾದ ಕಬ್ಬಿಣದ ಹಸಿವು ಬಳ್ಳಾರಿಯನ್ನೂ ರಾಯದುರ್ಗಕ್ಕೆ ಸೇರಿದ ಓಬುಳಾಪುರದ ಗುಡ್ಡಗಳನ್ನೂ ಅಗೆಸಿತು. ಲಾರಿಗಳು ಹಗಲು ರಾತ್ರಿ ಕೃಷ್ಣಪಟ್ಟಣ, ಚೆನ್ನೈ, ಮಂಗಳೂರು, ಬೇಲೆಕೇರಿಯ ಕಡೆಗೆ ಓಡಿದವು. ಕರ್ನಾಟಕ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ 2008 ಮತ್ತು 2011ರ ವರದಿಗಳು ಮಿತಿಮೀರಿದ ಲೋಡನ್ನೂ ಕಿತ್ತುಹೋದ ರಸ್ತೆಗಳನ್ನೂ ದಾಖಲಿಸಿದವು. 2010ರಲ್ಲಿ ಕರ್ನಾಟಕ ರಫ್ತು ನಿಲ್ಲಿಸಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೇ ತಡೆ ಹಾಕಿತು. ಎಷ್ಟು ಟನ್ ಹೋಯಿತು, ಎಷ್ಟು ಕೋಟಿ ಹೋಯಿತು ಎಂಬ ತನಿಖೆಗಳು ನಡೆದವು. ಅದಿರು ಸಾಗಿಸಿದವನ ಬೆನ್ನಲ್ಲಿ ಉಳಿದ ಅದುರನ್ನು ಮಾತ್ರ ಯಾರೂ ತೂಗಲಿಲ್ಲ.

ಚಾಲಕನ ದೇಹ ಸರ್ಕಾರಕ್ಕೆ ಕಂಡ ಬಗೆ

ಗಂಟೆಗಳ ಮಿತಿ ಹೊಸ ಯೋಚನೆಯಲ್ಲ. 1939ರ ಮೋಟಾರು ವಾಹನ ಕಾಯ್ದೆಯೇ ಐದು ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕು ಎಂದಿತ್ತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಇನ್ನೂ ಮುಂದೆ ಹೋಗಿ ದಿನಕ್ಕೆ 8, ವಾರಕ್ಕೆ 48 ಗಂಟೆಗಳ ಮಿತಿ ಹಾಕಿತು. ದೂರದ ಮಾರ್ಗಗಳಿಗೆ 10 ಮತ್ತು 54 ಗಂಟೆಗಳ ರಿಯಾಯಿತಿ ಇತ್ತು. ನೂರು ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಕ್ಯಾಂಟೀನು, ರಾತ್ರಿ ತಂಗಬೇಕಾದ ಕಡೆ ವಿಶ್ರಾಂತಿ ಕೋಣೆ ಕೂಡ ಆ ಕಾಯ್ದೆಯಲ್ಲಿದ್ದವು. ಒಂದೇ ತೊಡಕು: ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗೆ ಮಾತ್ರ ಅದು ಅನ್ವಯ. ಒಂದೆರಡು ಲಾರಿಯ ಓನರುಗಳೇ ತುಂಬಿರುವ ನಾಡಿನಲ್ಲಿ ಆ ಕಾಯ್ದೆ ಬಹುಪಾಲು ಚಾಲಕರ ತಲೆಯ ಮೇಲಿಂದಲೇ ಹಾದುಹೋಯಿತು. ಅದನ್ನು ನುಂಗಿಕೊಂಡ 2020ರ ಔದ್ಯೋಗಿಕ ಸುರಕ್ಷತೆ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಉಚಿತ ವಾರ್ಷಿಕ ಆರೋಗ್ಯ ತಪಾಸಣೆಯ ಮಾತು ಅದರಲ್ಲಿದೆ. ಆದರೆ ಐದು ಜನರ ಮಿತಿ ಹತ್ತಕ್ಕೇರಿದೆ.

ಆರೋಗ್ಯ ಇಲಾಖೆಯ ಕಣ್ಣಿಗೆ ಚಾಲಕ ಬಿದ್ದದ್ದು 1990ರ ದಶಕದಲ್ಲಿ, ಎಚ್‌ಐವಿ ಹೊತ್ತು ತಿರುಗುವವನೆಂದು. ಹೆದ್ದಾರಿ ಬದಿಯಲ್ಲಿ ಕ್ಲಿನಿಕ್ಕುಗಳು ತೆರೆದವು. 2003ರಲ್ಲಿ ಶುರುವಾದ, ಎಚ್‌ಐವಿ ತಡೆಯುವ ‘ಆವಾಹನ್’ ಯೋಜನೆಯ ಆರು ರಾಜ್ಯಗಳಲ್ಲಿ ಕರ್ನಾಟಕ, ಆಂಧ್ರ ಎರಡೂ ಇದ್ದವು. ಆಮೇಲೆ ಬಂದದ್ದು ಕಣ್ಣು: 2017ರಲ್ಲಿ ಸೈಟ್‌ಸೇವರ್ಸ್ ಸಂಸ್ಥೆ ಚಾಲಕರಿಗಾಗಿಯೇ ‘ರಾಹಿ’ ಎಂಬ ನೇತ್ರ ತಪಾಸಣೆ ಶುರು ಮಾಡಿತು. ಸಾರಿಗೆ ಲೈಸೆನ್ಸಿಗೆ ಬೇಕಾದ ಫಾರಂ 1ಎ ವೈದ್ಯಕೀಯ ಪ್ರಮಾಣಪತ್ರವೂ ಕೇಳುವುದು ಮುಖ್ಯವಾಗಿ ಕಣ್ಣು, ಕಿವಿ, ಕೈಕಾಲುಗಳನ್ನು.

ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಸಾಲಾಗಿ ನಿಲ್ಲಿಸಿ ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಚಾಲಕನಿಂದ ಬೇರೆಯವರಿಗೆ ಅಪಾಯವಾಗುವ ಅಂಗಗಳನ್ನು ಮಾತ್ರ ವ್ಯವಸ್ಥೆ ಪರೀಕ್ಷಿಸಿದೆ. ಕಣ್ಣು ಮಂದವಾದರೆ ಎದುರಿನವನು ಸಾಯುತ್ತಾನೆ. ಸೊಂಟ ಹೋದರೆ ಹೋಗುವುದು ಅವನದೇ. ಹೆದ್ದಾರಿ ಬದಿಯ ಕ್ಲಿನಿಕ್ಕಿನ ಬಾಗಿಲು ದಾಟಲು ಸೊಂಟಕ್ಕೆ ಅರ್ಹತೆ ಸಿಗಲಿಲ್ಲ.

ಮೊದಲನೆಯ ವಾದ: ಕುಲುಕಾಟ

ಎಂಜಿನಿಯರುಗಳ ಉತ್ತರ ನೇರವಾದದ್ದು. ಕೂತ ಮನುಷ್ಯನ ಬೆನ್ನುಮೂಳೆಗೆ ತನ್ನದೇ ಒಂದು ಕುಣಿತದ ಲಯವಿದೆ: ಸೆಕೆಂಡಿಗೆ ಸುಮಾರು 4ರಿಂದ 6 ಸಲ. ಲಾರಿಯ ಚಾಸಿಸ್, ಪಟ್ಟಿ ಸ್ಪ್ರಿಂಗು, ಸೀಟು ಸೇರಿ ಹುಟ್ಟಿಸುವ ಮೇಲೆ ಕೆಳಗಿನ ಕುಲುಕು ಹೆಚ್ಚೂ ಕಡಿಮೆ ಅದೇ ಲಯದ್ದು. ಎರಡು ಲಯ ಕೂಡಿದಾಗ ಸೀಟಿನ ಕುಲುಕು ಮೂಳೆಯಲ್ಲಿ ತಗ್ಗುವ ಬದಲು ಹಿಗ್ಗುತ್ತದೆ. ಬೆನ್ನಿನ ಸ್ನಾಯುಗಳು ಪ್ರತಿ ಕುಲುಕಿಗೂ ಬಿಗಿದು, ಸಡಿಲಿ, ದಣಿಯುತ್ತವೆ. ಎರಡು ಮೂಳೆಗಳ ನಡುವಿನ ಡಿಸ್ಕ್ ನೀರು ಕಳೆದುಕೊಳ್ಳುತ್ತದೆ.

ಅಳೆಯುವ ವಿಧಾನವನ್ನು ಐಎಸ್‌ಒ 2631 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ಯುರೋಪಿನ ಒಕ್ಕೂಟ 2002ರಲ್ಲಿ ಎರಡು ಗೆರೆ ಎಳೆಯಿತು. ಎಂಟು ಗಂಟೆಯ ಕೆಲಸಕ್ಕೆ ಸರಾಸರಿ 0.5 ಮೀಟರ್/ಸೆಕೆಂಡ್² ದಾಟಿದರೆ ಮಾಲೀಕ ಕ್ರಮ ಕೈಗೊಳ್ಳಬೇಕು, 1.15 ದಾಟುವಂತೆಯೇ ಇಲ್ಲ. ಈ ಲೆಕ್ಕದಲ್ಲಿ ಕುಲುಕು ದುಪ್ಪಟ್ಟಾದರೆ ಕೂರಬಹುದಾದ ಹೊತ್ತು ಅರ್ಧಕ್ಕಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. 0.5ರಲ್ಲಿ ಎಂಟು ಗಂಟೆ ಕೂರಬಹುದಾದವನು 1.0ರಲ್ಲಿ ಎರಡೇ ಗಂಟೆಗೆ ಗೆರೆ ಮುಟ್ಟುತ್ತಾನೆ. ರಸ್ತೆಯ ಗುಂಡಿಯೂ ಗಂಟೆಯೂ ಒಂದನ್ನೊಂದು ಗುಣಿಸುತ್ತವೆ ಎಂಬುದು ಇದರ ಅರ್ಥ.

ಚಾಲಕರಿಗೆ ಗೊತ್ತಿರುವ ಒಂದು ಸತ್ಯವನ್ನೂ ಈ ವಾದ ಚೆನ್ನಾಗಿ ವಿವರಿಸುತ್ತದೆ: ಖಾಲಿ ಗಾಡಿ ಹೆಚ್ಚು ಕುಣಿಯುತ್ತದೆ. ಪಟ್ಟಿ ಸ್ಪ್ರಿಂಗನ್ನು ತುಂಬಿದ ಲೋಡಿಗೆಂದು ಹೂಡಿರುತ್ತಾರೆ. ಭಾರವಿಲ್ಲದಾಗ ಅದು ಬಾಗುವುದಿಲ್ಲ, ಕಲ್ಲಿನಂತೆ ಏಟು ದಾಟಿಸುತ್ತದೆ. ಜೀನ್ಸ್ ಬಂಡಲು ಇಳಿಸಿ, ಕಲ್ಲು ಇಳಿಸಿ, ವಾಪಸ್ ಲೋಡ್ ಸಿಗದೆ ಮರಳುವ ದಾರಿಯಲ್ಲಿ ಬಾಡಿಗೆಯೂ ಇಲ್ಲ, ಬೆನ್ನಿಗೆ ಸುಖವೂ ಇಲ್ಲ.

ಅಮೆರಿಕದ ಕನೆಕ್ಟಿಕಟ್‌ನಲ್ಲಿ ಜೆನಿಫರ್ ಕೆಲ್ಸಿ ಮತ್ತು ಹಾರ್ಡಿ 1975ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಾದಕ್ಕೆ ದೊಡ್ಡ ಬಲ ಕೊಟ್ಟಿತು. ಕೆಲಸದ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ವಾಹನ ಓಡಿಸುವ ಗಂಡಸರಿಗೆ ಡಿಸ್ಕ್ ಜಾರುವ ಸಾಧ್ಯತೆ ಉಳಿದವರಿಗಿಂತ ಸುಮಾರು ಮೂರು ಪಟ್ಟು ಎಂದು ಅದು ಕಂಡುಕೊಂಡಿತು. ಜರ್ಮನಿ 1993ರಿಂದ, ದೀರ್ಘಕಾಲ ಕೂತು ಕುಲುಕಾಟ ಅನುಭವಿಸಿದವರ ಸೊಂಟದ ಡಿಸ್ಕ್ ಕಾಯಿಲೆಯನ್ನು ಪರಿಹಾರಕ್ಕೆ ಅರ್ಹವಾದ ವೃತ್ತಿರೋಗಗಳ ಪಟ್ಟಿಗೆ ಸೇರಿಸಿಕೊಂಡಿದೆ.

ಎರಡನೆಯ ವಾದ: ಕೂತಲ್ಲೇ ಕೂರುವುದು

ಎರಡನೆಯ ಪಂಥದವರು ಕೇಳುವುದು: ಕುಲುಕೇ ಇಲ್ಲದ ಗುಮಾಸ್ತನಿಗೂ ಬೆನ್ನು ನೋಯುತ್ತದಲ್ಲ? ಅವರ ಪ್ರಕಾರ ತಪ್ಪು ಸೀಟಿನ ಅದುರಿನದಲ್ಲ, ಸೀಟಿನದೇ.

ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಡಿಸ್ಕಿನೊಳಗೇ ಸೂಜಿ ಇಳಿಸಿ ಒತ್ತಡ ಅಳೆದರು. ಒರಗು ಇಲ್ಲದೆ ಕೂತಾಗ ಡಿಸ್ಕಿನ ಮೇಲಿನ ಒತ್ತಡ ನಿಂತಾಗಿನದಕ್ಕಿಂತ ಹೆಚ್ಚು ಎಂಬುದು ಅವರ ತೀರ್ಮಾನ. ಕುರ್ಚಿ ಮಾಡುವವರಿಗೆಲ್ಲ ಅದು ಮಂತ್ರವಾಯಿತು. ಆದರೆ 1999ರಲ್ಲಿ ಜರ್ಮನಿಯ ಉಲ್ಮ್‌ನಲ್ಲಿ ವಿಲ್ಕೆ ಮತ್ತು ಸಂಗಡಿಗರು ಒಬ್ಬ ಸ್ವಯಂಸೇವಕನ ಡಿಸ್ಕಿನಲ್ಲಿ ಮತ್ತೆ ಅಳೆದಾಗ, ಸಡಿಲವಾಗಿ ಒರಗಿ ಕೂತರೆ ಒತ್ತಡ ನಿಂತಾಗಿನದಕ್ಕಿಂತ ಹೆಚ್ಚಿರಲಿಲ್ಲ. ಕೂರುವುದೇ ಕೆಟ್ಟದ್ದೋ, ಒರಗದೆ ಕೂರುವುದು ಕೆಟ್ಟದ್ದೋ ಎಂಬ ಪ್ರಶ್ನೆ ಹಾಗೆ ಎದ್ದಿತು.

ಹಳೆಯ ಲಾರಿಗಳಲ್ಲಿ ಒರಗುವುದೇ ಕಷ್ಟ. ನಮ್ಮಲ್ಲಿ ಬಹುಕಾಲ ಕಂಪನಿ ಕೊಡುತ್ತಿದ್ದದ್ದು ಎಂಜಿನ್ನು, ಚಾಸಿಸ್ಸು, ಮುಂದಿನ ಮುಖ. ಕ್ಯಾಬಿನ್ನು ಕಟ್ಟುತ್ತಿದ್ದದ್ದು ಊರಿನ ಬಾಡಿ ಕಟ್ಟುವವರು, ಮರ ಮತ್ತು ತಗಡಿನಲ್ಲಿ. ಸೀಟಿನ ಎತ್ತರ ಓನರಿನ ಜೇಬು ನೋಡಿ ನಿಲ್ಲುತ್ತಿತ್ತು, ಚಾಲಕನ ಕಾಲು ನೋಡಿ ಅಲ್ಲ. ಕ್ಲಚ್ ಎಟುಕಬೇಕೆಂದು ಕುಳ್ಳನೆಯವನು ಸೀಟಿನ ಅಂಚಿಗೆ ಜಾರುತ್ತಾನೆ. ಜಾರಿದ ಕೂಡಲೇ ಬೆನ್ನಿಗೆ ಒರಗು ತಪ್ಪುತ್ತದೆ. ಎಡಗಾಲು ದಿನವಿಡೀ ಕ್ಲಚ್ ತುಳಿಯುತ್ತದೆ, ಎಡಗೈ ಗೇರು ಎಳೆಯುತ್ತದೆ, ಕತ್ತು ಬಲಗನ್ನಡಿಯ ಕಡೆಗೆ ತಿರುಗಿರುತ್ತದೆ. ದೇಹ ನೆಟ್ಟಗೆ ಕೂತಂತೆ ಕಂಡರೂ ತಿರುಚಿಕೊಂಡೇ ಇರುತ್ತದೆ. ಹಿಂದಿನ ಜೇಬಿನ ದಪ್ಪ ಪರ್ಸು ಸಾಲದ್ದಕ್ಕೆ ಒಂದು ಕುಂಡಿಯನ್ನು ಎತ್ತಿ ಹಿಡಿಯುತ್ತದೆ.

ಕೂತ ಬದುಕಿನ ದುಷ್ಫಲ ಬೆನ್ನಿಗೆ ನಿಲ್ಲುವುದಿಲ್ಲ ಎಂದು ತೋರಿಸಿದವರು ಲಂಡನ್ನಿನ ಜೆರ್ರಿ ಮಾರಿಸ್. ಎರಡಂತಸ್ತಿನ ಬಸ್ಸುಗಳಲ್ಲಿ ಕೂತೇ ಇರುವ ಚಾಲಕ, ಮೆಟ್ಟಿಲು ಹತ್ತಿಳಿಯುವ ಕಂಡಕ್ಟರ್ ಇಬ್ಬರನ್ನೂ ಹೋಲಿಸಿ 1953ರಲ್ಲಿ ಪ್ರಕಟಿಸಿದ ಅವರ ಅಧ್ಯಯನದಲ್ಲಿ ಹೃದಯಾಘಾತ ಚಾಲಕರನ್ನೇ ಹೆಚ್ಚು ಬಲಿ ತೆಗೆದುಕೊಂಡಿತ್ತು. ಸಕ್ಕರೆ, ರಕ್ತದೊತ್ತಡ, ಬೊಜ್ಜು, ಮೂಲವ್ಯಾಧಿಗಳನ್ನು ಚಾಲಕರ ಬದುಕಿಗೆ ಜೋಡಿಸುವ ಎಷ್ಟೋ ಮಾತಿಗೆ ಈ ಹೋಲಿಕೆಯೇ ತಾಯಿಬೇರು.

ಮೂರನೆಯ ವಾದ: ಅವಳಿಗಳ ತಕರಾರು

ಮಾರಿಸ್ ಅವರೇ 1956ರಲ್ಲಿ ಒಂದು ಕುತೂಹಲದ ಕೆಲಸ ಮಾಡಿದರು. ಬಸ್ಸಿನವರಿಗೆ ಹೊಲಿಸಿಕೊಟ್ಟ ಸಮವಸ್ತ್ರದ ಅಳತೆಪುಸ್ತಕ ತೆರೆದು ನೋಡಿದರೆ, ಎಳೆ ವಯಸ್ಸಿನಲ್ಲೇ ಚಾಲಕರ ಪ್ಯಾಂಟಿನ ಸೊಂಟ ಕಂಡಕ್ಟರುಗಳದಕ್ಕಿಂತ ಅಗಲವಿತ್ತು. ಹಾಗಾದರೆ ಕೆಲಸ ಮನುಷ್ಯನನ್ನು ಹೀಗೆ ಮಾಡಿತೇ, ಇಂಥ ಮನುಷ್ಯನೇ ಆ ಕೆಲಸ ಆರಿಸಿಕೊಂಡನೇ?

ಈ ಅನುಮಾನವನ್ನು ಬೆನ್ನುಮೂಳೆಗೆ ತಂದದ್ದು ಫಿನ್ಲೆಂಡಿನ ಅವಳಿ ಅಧ್ಯಯನ. ಮಿಶೆಲ್ ಬಾಟಿಯೆ ಮತ್ತು ಸಂಗಡಿಗರು 45 ಜೋಡಿ ತದ್ರೂಪಿ ಅವಳಿ ಗಂಡಸರನ್ನು ಆರಿಸಿಕೊಂಡರು. ಪ್ರತಿ ಜೋಡಿಯಲ್ಲಿ ಒಬ್ಬನು ಜೀವಮಾನವೆಲ್ಲ ಹೆಚ್ಚು ವಾಹನ ಓಡಿಸಿದವನು, ಇನ್ನೊಬ್ಬ ತೀರ ಕಡಿಮೆ. ಎಂಆರ್‌ಐ ಚಿತ್ರಗಳಲ್ಲಿ ಇಬ್ಬರ ಡಿಸ್ಕಿನ ಸವೆತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2002ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಇದು ಪ್ರಕಟವಾದಾಗ ಕುಲುಕಿನ ವಾದಕ್ಕೆ ಬಲವಾದ ಏಟು ಬಿತ್ತು. ಡಿಸ್ಕು ಸವೆಯುವುದರಲ್ಲಿ ವಂಶವಾಹಿಯ ಪಾಲೇ ದೊಡ್ಡದು ಎಂಬ ಮಾತಿಗೆ ಜೀವ ಬಂತು.

ಆದರೆ ಈ ಅಧ್ಯಯನವನ್ನು ಎಲ್ಲಿಯ ತನಕ ಎಳೆಯಬಹುದು ಎಂಬುದನ್ನು ನೋಡಬೇಕು. ಅದು ನೋಡಿದ್ದು ಡಿಸ್ಕಿನ ಸವೆತವನ್ನು. ನೋವು ಅದೇ ಅಲ್ಲ. ಚಿತ್ರದಲ್ಲಿ ಡಿಸ್ಕ್ ಸವೆದಿದ್ದರೂ ನೋವಿಲ್ಲದವರಿದ್ದಾರೆ, ಚಿತ್ರ ಚೊಕ್ಕವಾಗಿದ್ದರೂ ಏಳಲಾಗದವರಿದ್ದಾರೆ. ಫಿನ್ಲೆಂಡಿನ ರಸ್ತೆಯ ಮೇಲೆ ಓಡಿಸಿದ ಅವಳಿ ಅದಿರಿನ ಕಾಲದ ಓಬುಳಾಪುರದ ರಸ್ತೆಗೆ ಸಾಕ್ಷಿಯಾಗಲಾರನು. ಆದರೂ ಈ ವಾದದಿಂದ ಒಂದು ಉಪಕಾರವಾಗಿದೆ: ಬೆನ್ನು ಹಿಡಿದವರಿಗೆಲ್ಲ ‘ಡಿಸ್ಕ್ ಹೋಗಿದೆ’ ಎಂದು ಹೆದರಿಸಿ ಶಸ್ತ್ರಚಿಕಿತ್ಸೆಗೆ ದೂಡುವುದು ತಪ್ಪೆಂದು ಅದು ಕಲಿಸಿತು.

ನಾಲ್ಕನೆಯ ವಾದ: ಗಂಟೆ ಮತ್ತು ಬತ್ತಾ

ಮೇಲಿನ ಮೂವರೂ ಚಾಲಕ ಯಾಕೆ ಸೀಟಿನಿಂದ ಇಳಿಯುವುದಿಲ್ಲ ಎಂದು ಕೇಳಲಿಲ್ಲ. ನಾಲ್ಕನೆಯವರು ಅದನ್ನೇ ಕೇಳಿದರು.

ಟ್ರಿಪ್ಪಿನ ಲೆಕ್ಕದಲ್ಲಿ ಕೂಲಿ ಸಿಗುವವನಿಗೆ ನಿಂತ ಗಾಡಿ ಎಂದರೆ ನಿಂತ ಸಂಪಾದನೆ. ಲೋಡಿಗಾಗಿ ಯಾರ್ಡಿನಲ್ಲಿ ಕಾದ ಹಗಲಿಗೆ ಯಾರೂ ಕಾಸು ಕೊಡುವುದಿಲ್ಲ. ಕಳೆದ ಹಗಲನ್ನು ರಾತ್ರಿ ಓಡಿಸಿ ತುಂಬಬೇಕು. ಹಿಂದೆ ಪಕ್ಕದಲ್ಲಿ ಕ್ಲೀನರ್ ಇರುತ್ತಿದ್ದ. ಖರ್ಚು ಉಳಿಸಲು ಅವನನ್ನು ಬಿಟ್ಟ ಲಾರಿಗಳಲ್ಲಿ ಟಾರ್ಪಾಲು ಹೊದಿಸುವುದು, ಹಗ್ಗ ಬಿಗಿಯುವುದು, ಸ್ಟೆಪ್ನಿ ಬದಲಿಸುವುದು ಎಲ್ಲವೂ ಚಾಲಕನದೇ. ಗಂಟೆಗಟ್ಟಲೆ ಕುಲುಕಿ ದಣಿದ ಬೆನ್ನು ಇಳಿದ ಕೂಡಲೇ ಭಾರ ಎತ್ತುವುದು ಅತ್ಯಂತ ಅಪಾಯದ ಗಳಿಗೆ ಎಂದು ಕುಲುಕಿನ ವಾದದವರೇ ಎಚ್ಚರಿಸುತ್ತಾರೆ. ಕಸುಬು ಆ ಗಳಿಗೆಯಲ್ಲೇ ಭಾರ ಎತ್ತಿಸುತ್ತದೆ.

ಸೇವ್‌ಲೈಫ್ ಪ್ರತಿಷ್ಠಾನ 2020ರಲ್ಲಿ ಪ್ರಕಟಿಸಿದ ಸಮೀಕ್ಷೆ 1,217 ಚಾಲಕರನ್ನು ಮಾತನಾಡಿಸಿತ್ತು. ಬೆಂಗಳೂರು, ವಿಜಯವಾಡಗಳೂ ಅದರಲ್ಲಿದ್ದವು. ಸುಮಾರು ಅರ್ಧದಷ್ಟು ಜನ ದಣಿದಾಗಲೂ ತೂಕಡಿಸುವಾಗಲೂ ಓಡಿಸುತ್ತೇವೆಂದು ಒಪ್ಪಿಕೊಂಡರು. ಅಮೆರಿಕದ ಮೈಕೆಲ್ ಬೆಲ್ಜರ್ 2000ದಲ್ಲಿ ಬರೆದ ಪುಸ್ತಕ, 1980ರಲ್ಲಿ ಬಾಡಿಗೆ ನಿಯಂತ್ರಣ ಸಡಿಲವಾದ ಮೇಲೆ ಟ್ರಕ್ಕಿನ ಕೆಲಸ ಕಡಿಮೆ ಕೂಲಿಗೆ ಬೆವರಿಳಿಸುವ, ಚಕ್ರದ ಮೇಲಿನ ಕಾರ್ಖಾನೆಯಾಯಿತು ಎಂದು ವಾದಿಸಿತು. ಕೂಲಿ ಏರಿದರೆ ಅಪಘಾತ ಇಳಿಯುತ್ತದೆ ಎಂಬುದು ಅವರ ಮುಂದಿನ ಕೆಲಸದ ತಿರುಳು.

ಆಸ್ಟ್ರೇಲಿಯಾ ಈ ವಾದವನ್ನು ನಂಬಿ 2012ರಲ್ಲಿ ಚಾಲಕರ ಕನಿಷ್ಠ ದರ ನಿಗದಿಗೆ ನ್ಯಾಯಮಂಡಳಿಯನ್ನೇ ಸ್ಥಾಪಿಸಿತು. ಅದನ್ನು ವಿರೋಧಿಸಿದವರಲ್ಲಿ ಒಂಟಿ ಲಾರಿಯ ಮಾಲೀಕ ಚಾಲಕರೂ ಇದ್ದರು: ದರ ಏರಿದರೆ ಲೋಡೆಲ್ಲ ದೊಡ್ಡ ಕಂಪನಿಗಳ ಪಾಲಾಗುತ್ತದೆ ಎಂಬುದು ಅವರ ಭಯ. 2016ರಲ್ಲಿ ಮಂಡಳಿ ರದ್ದಾಯಿತು. 2024ರ ಹೊಸ ಕಾನೂನು ಅದೇ ಬಗೆಯ ಅಧಿಕಾರವನ್ನು ಇನ್ನೊಂದು ಆಯೋಗಕ್ಕೆ ಮರಳಿ ಕೊಟ್ಟಿತು. ಸಿದ್ಧಾಂತಕ್ಕೂ ಸಣ್ಣ ಓನರಿನ ಹೊಟ್ಟೆಗೂ ನಡುವಿನ ಜಗ್ಗಾಟ ಅಲ್ಲೂ ಮುಗಿದಿಲ್ಲ.

ಗಡಿನಾಡಿಗೆ ಈ ವಾದದಲ್ಲಿ ಇನ್ನೊಂದು ಗಂಟಿದೆ. ಚಾಲಕನ ಮನೆ, ರೇಷನ್ ಕಾರ್ಡು, ಲೈಸೆನ್ಸು ಆಂಧ್ರದ್ದು. ಓನರ್ ಬಳ್ಳಾರಿಯವನೋ ಸಿರಾದವನೋ. ಲಾರಿಯ ನಂಬರು ಕೆಎ. ರಾಜ್ಯದ ಕಲ್ಯಾಣ ಯೋಜನೆಗಳು ಗಡಿಯಲ್ಲಿ ನಿಲ್ಲುತ್ತವೆ, ಅವನ ಕೆಲಸ ನಿಲ್ಲುವುದಿಲ್ಲ.

ಸೊಂಟದ ಆಚೆ

ಚರ್ಚೆ ಸೊಂಟದ ಸುತ್ತ ಸುತ್ತಿದರೂ ಸೀಟು ಇಡೀ ಮೈಯನ್ನು ಮುಟ್ಟುತ್ತದೆ. ಇಲ್ಲಿ ವಾದಕ್ಕಿಂತ ಒಪ್ಪಿಗೆಯೇ ಹೆಚ್ಚು.

ಎಂಜಿನ್ನಿನ ಕಾವು, ಬಯಲುಸೀಮೆಯ ಬಿಸಿಲು ಎರಡೂ ಕೂಡಿದ ಕ್ಯಾಬಿನ್ನಿನಲ್ಲಿ ಬೆವರು ಧಾರೆಯಾಗುತ್ತದೆ. ಮೂತ್ರಕ್ಕೆ ನಿಲ್ಲಿಸಲು ಜಾಗವಿಲ್ಲವೆಂದು ನೀರು ಕಡಿಮೆ ಕುಡಿದರೆ ಮೂತ್ರದ ಉರಿ, ಕಿಡ್ನಿ ಕಲ್ಲು ಬಾಗಿಲಲ್ಲೇ ಕಾಯುತ್ತವೆ. ಡೀಸೆಲ್ ಹೊಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಖಚಿತ ಕ್ಯಾನ್ಸರ್‌ಕಾರಕಗಳ ಗುಂಪಿಗೆ ಸೇರಿಸಿತು; ನಿದ್ದೆಯ ಲಯ ಕೆಡಿಸುವ ರಾತ್ರಿ ಪಾಳಿಯನ್ನು 2007ರಲ್ಲೇ ‘ಬಹುಶಃ ಕಾರಕ’ ಎಂದಿತ್ತು. ತೆರೆದ ಕಿಟಕಿ ಒಂದು ಕಡೆಯ ಕಿವಿಯನ್ನೂ ಒಂದು ಕಡೆಯ ಕೆನ್ನೆಯನ್ನೂ ಹೆಚ್ಚು ತಿನ್ನುತ್ತದೆ. ಅಮೆರಿಕದಲ್ಲಿ 28 ವರ್ಷ ಟ್ರಕ್ ಓಡಿಸಿದ ಒಬ್ಬರ ಚಿತ್ರ 2012ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದಿತ್ತು: ಕಿಟಕಿಯ ಕಡೆಯ ಎಡಗೆನ್ನೆ ಮುದುಕನದು, ಬಲಗೆನ್ನೆ ಅವರಿಗಿಂತ ಎಷ್ಟೋ ಚಿಕ್ಕವನದು ಎನ್ನುವಂತಿತ್ತು. ನಮ್ಮಲ್ಲಿ ಚಾಲಕ ಕೂರುವುದು ಬಲಕ್ಕೆ. ಬಿಸಿಲು ತಿನ್ನುವ ಕೆನ್ನೆಯೂ ಬಲಗೆನ್ನೆಯೇ.

ಪರಿಹಾರಗಳ ತೂಕ

ಪ್ರತಿ ವಾದವೂ ತನ್ನ ಮದ್ದನ್ನು ತಂದಿದೆ. ಎಂಜಿನಿಯರಿನ ಮದ್ದು ಕ್ಯಾಬಿನ್ನು. ಕೇಂದ್ರ ಸಾರಿಗೆ ಸಚಿವಾಲಯ 2023ರ ಡಿಸೆಂಬರ್‌ನಲ್ಲಿ ಹೊರಡಿಸಿದ ಅಧಿಸೂಚನೆಯಂತೆ 2025ರ ಅಕ್ಟೋಬರ್ 1ರ ನಂತರ ತಯಾರಾಗುವ ಮಧ್ಯಮ, ಭಾರಿ ಟ್ರಕ್ಕುಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ. ಇದು ದೊಡ್ಡ ಹೆಜ್ಜೆ. ಆದರೆ ಎಸಿ ತಿನ್ನುವ ಡೀಸೆಲ್ ಯಾರ ಲೆಕ್ಕಕ್ಕೆ ಎಂಬುದು ತೀರ್ಮಾನವಾಗದಿದ್ದರೆ ಗುಂಡಿ ಇದ್ದೂ ಒತ್ತುವವರಿರುವುದಿಲ್ಲ. ತಂಪು ಗಾಳಿ ಕುಲುಕನ್ನು ಕಡಿಮೆ ಮಾಡುವುದೂ ಇಲ್ಲ; ಅದಕ್ಕೆ ಗಾಳಿ ಸ್ಪ್ರಿಂಗಿನ ಸೀಟು ಬೇಕು, ಅದು ಕಡ್ಡಾಯವಲ್ಲ.

ವೈದ್ಯರ ಮದ್ದು ಚಾಲಕನ ಕೈಯಲ್ಲಿದೆ, ಅಗ್ಗದ್ದೂ ಹೌದು. ಕ್ಲಚ್ ಪೂರ್ತಿ ತುಳಿದಾಗಲೂ ಮೊಣಕಾಲು ಸ್ವಲ್ಪ ಬಾಗಿರುವಷ್ಟು ಸೀಟು ಮುಂದಕ್ಕೆ ಎಳೆಯುವುದು, ಒರಗು ತುಸು ಹಿಂದಕ್ಕೆ ಬಾಗಿಸುವುದು, ಸೊಂಟದ ತಗ್ಗಿಗೆ ಸುತ್ತಿದ ಟವೆಲು ಇಡುವುದು, ಪರ್ಸು ಅಂಗಿಜೇಬಿಗೆ ಹಾಕುವುದು, ಇಳಿದ ಮೇಲೆ ಐದು ಹತ್ತು ನಿಮಿಷ ಅಡ್ಡಾಡಿ ಆಮೇಲೆ ಹಗ್ಗಕ್ಕೆ ಕೈ ಹಾಕುವುದು, ಕ್ಯಾಬಿನ್ನಿನಿಂದ ಧುಮುಕದೆ ಮೆಟ್ಟಿಲು ಹಿಡಿದು ಇಳಿಯುವುದು. ಇವು ನೋವನ್ನು ತಗ್ಗಿಸುತ್ತವೆ. ಗಂಟೆಗಳನ್ನು ತಗ್ಗಿಸಲಾರವು.

ಸರ್ಕಾರದ ಮದ್ದು ವಿಶ್ರಾಂತಿಗೃಹ. ಹೆದ್ದಾರಿಗಳಲ್ಲಿ ಚಾಲಕರಿಗಾಗಿ ಸಾವಿರ ಆಧುನಿಕ ತಂಗುದಾಣ ಕಟ್ಟುವ ಘೋಷಣೆ 2024ರ ಫೆಬ್ರವರಿಯಲ್ಲಿ ಬಂತು. 2017ರಲ್ಲಿ ಜಿಎಸ್‌ಟಿ ಬಂದಾಗ ಗಡಿಯ ಮಾರಾಟ ತೆರಿಗೆ ಠಾಣೆಗಳು ಎದ್ದುಹೋಗಿ, 2021ರಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಗಿ ಕಾಯುವ ಹೊತ್ತು ಉಳಿಯಿತು. ಆದರೆ ಉಳಿದ ಹೊತ್ತು ನಿದ್ದೆಗೆ ಹೋಗುವುದೋ ಇನ್ನೊಂದು ಟ್ರಿಪ್ಪಿಗೋ ಎಂಬುದನ್ನು ನಿರ್ಧರಿಸುವುದು ತಂಗುದಾಣವಲ್ಲ, ಬಾಡಿಗೆ ದರ. ಯುರೋಪಿನಲ್ಲಿ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ನಿಲ್ಲಲೇಬೇಕು. ಗಾಡಿಯೊಳಗಿನ ಯಂತ್ರ ಅದನ್ನು ಬರೆದಿಡುತ್ತದೆ. ನಮ್ಮ ಲಾರಿಯ ಜಿಪಿಎಸ್ ಬರೆದಿಡುವುದು ಗಾಡಿ ಎಲ್ಲಿದೆ ಎಂಬುದನ್ನು. ಅದನ್ನು ನೋಡುತ್ತಿರುವುದು ಓನರು, ‘ಯಾಕೆ ನಿಲ್ಲಿಸಿದೆ?’ ಎಂದು ಕೇಳುವುದಕ್ಕೆ.

ನಾಲ್ಕೂ ವಾದಗಳನ್ನು ತೂಗಿದರೆ ನನಗೆ ಕಾಣುವುದು ಇಷ್ಟು. ಕುಲುಕು, ಕೂರುವ ಭಂಗಿ, ಹುಟ್ಟುಗುಣ ಮೂರೂ ನೋವು ಹೇಗೆ ಹುಟ್ಟುತ್ತದೆ ಎಂಬುದನ್ನು ಹೇಳುತ್ತವೆ. ಅದು ಯಾಕೆ ಮಾಯುವುದಿಲ್ಲ ಎಂಬುದನ್ನು ಹೇಳುವುದು ನಾಲ್ಕನೆಯದು. ಒಳ್ಳೆಯ ಸೀಟು ಕುಲುಕನ್ನು ಅರ್ಧ ಮಾಡಿದರೂ ಆ ಉಳಿತಾಯವನ್ನು ಹೆಚ್ಚಿನ ಗಂಟೆಗಳು ತಿಂದುಹಾಕಬಲ್ಲವು. ಆದ್ದರಿಂದ ಮಳೆಯಿಲ್ಲದ ಈ ಸೀಮೆಯಲ್ಲಿ ಬತ್ತಾದ ಪ್ರಶ್ನೆ ಬಿಟ್ಟು ಬೆನ್ನಿನ ಪ್ರಶ್ನೆ ಬಿಡಿಸಲಾಗದು.

ಇತ್ಯರ್ಥವಾಗದೆ ಉಳಿದದ್ದು

ನಾಲ್ಕು ಪ್ರಶ್ನೆಗಳು ಇನ್ನೂ ತೆರೆದೇ ಇವೆ. ಒಂದು, ಅವಳಿಗಳಲ್ಲಿ ಕಾಣದ ಹಾನಿ ಸಾವಿರಾರು ಚಾಲಕರ ನೋವಿನಲ್ಲಿ ಕಾಣುವುದೇಕೆ? ಡಿಸ್ಕಿಗೂ ನೋವಿಗೂ ನಡುವಿನ ಕೊಂಡಿ ವೈದ್ಯಶಾಸ್ತ್ರಕ್ಕೆ ಪೂರ್ತಿ ಸಿಕ್ಕಿಲ್ಲ. ಎರಡು, ಯುರೋಪು ಎಳೆದ 0.5, 1.15ರ ಗೆರೆಗಳು ಎಂಟು ಗಂಟೆಯ ದಿನಕ್ಕೆ ಲೆಕ್ಕ ಹಾಕಿದವು. ಕಾವು, ನೀರಡಿಕೆ, ನಿದ್ದೆಗೇಡು ಒಟ್ಟಿಗೆ ಬಂದಾಗ ಆ ಗೆರೆ ಎಲ್ಲಿ ನಿಲ್ಲಬೇಕು? ಮೂರು, ನೋವು ತಾಳಲಾರದೆ ಸ್ಟೇರಿಂಗ್ ಬಿಟ್ಟು ಶೇಂಗಾ ಹೊಲಕ್ಕೆ ಮರಳಿದವನು ಚಾಲಕರ ಸಮೀಕ್ಷೆಗೆ ಸಿಗುವುದಿಲ್ಲ. ಉಳಿದ ಗಟ್ಟಿಗರನ್ನಷ್ಟೇ ಎಣಿಸಿದ ಲೆಕ್ಕವನ್ನು ಎಷ್ಟು ನಂಬಬೇಕು? ಕೊನೆಯದಾಗಿ, ಐದು ಲಾರಿಯೂ ಇಲ್ಲದ ಓನರಿನ ಮೇಲೆ ಗಂಟೆಯ ಮಿತಿ ಹೇರಿದರೆ ಅದರ ಖರ್ಚನ್ನು ಸರಕು ಕಳಿಸುವ ವ್ಯಾಪಾರಿ ಹೊರುತ್ತಾನೆಯೇ, ಅಥವಾ ಅದೂ ಚಾಲಕನ ಬತ್ತಾದಲ್ಲೇ ಮುರಿಯುತ್ತದೆಯೇ?

ಇತ್ಯರ್ಥವಾಗಿರುವ ಸಂಗತಿಯೂ ಒಂದಿದೆ. ನಮ್ಮ ಕಾರ್ಮಿಕ ಪರಿಹಾರ ಕಾನೂನಿನ ಮೂರನೇ ಅನುಸೂಚಿಯಲ್ಲಿ ಸೀಸ, ಪಾದರಸ, ಕಲ್ನಾರುಗಳ ರೋಗಗಳಿವೆ. ಗದ್ದಲದಿಂದ ಬರುವ ಕಿವುಡಿಗೂ ಜಾಗವಿದೆ. ಲಾರಿ ಚಾಲಕನ ಸೊಂಟ ಅದರಲ್ಲಿ ಇಲ್ಲ.